ಡಬ್ಬಿ ಹಾಲು ಮತ್ತು ಕರ್ತೃಪದವಿಲ್ಲದ ವಾಕ್ಯ

ದೂರದ ಸಂಗತಿಗಳ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಹತ್ತಿರದವುಗಳ ಬಗ್ಗೆ ಇಲ್ಲ. ಯಾವ ದೇಶ ಯಾರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು, ಯಾರು ಸೈನ್ಯವನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು ಎಂದು ಕೇಳಿ ನೋಡಿ, ಕೈಯಲ್ಲಿರುವ ಕಾಫಿ ಲೋಟವನ್ನು ಕೆಳಗಿಡುವುದರೊಳಗೆ ಹೇಳಿಬಿಡುತ್ತೇನೆ. ಕುಕ್ಕರಿನ ಗ್ಯಾಸ್ಕೆಟ್ಟನ್ನು ಡಿಶ್‌ವಾಷರಿಗೆ ಹಾಕಬಹುದೇ ಎಂದು ಕೇಳಿದರೆ ಮಾತ್ರ ಹೆಂಡತಿಯ ಮುಖ ನೋಡುತ್ತೇನೆ. ನನ್ನಂಥ ಗಂಡಸರು ಅಮೆರಿಕದ ನಮ್ಮ ಕ್ಯಾರಿ ಊರಿನಲ್ಲಿ ಬೇಕಾದಷ್ಟಿದ್ದಾರೆ. ಶನಿವಾರ ಸಂಜೆ ಯಾರದಾದರೂ ಮನೆಯ ಸೋಫಾದ ಮೇಲೆ ಕೂತು ಎರಡು ಖಂಡಗಳ ಹಣೆಬರಹ ತೀರ್ಮಾನಿಸುತ್ತೇವೆ. ಹೊರಡುವಾಗ ನಮ್ಮ ಚಪ್ಪಲಿ ಯಾವುದೆಂದು ತಿಳಿಯದೆ ಬಾಗಿಲಲ್ಲಿ ನಿಂತಿರುತ್ತೇವೆ. ಇದರಿಂದ ಯಾರಿಗೂ ತೊಂದರೆಯಿಲ್ಲವೆಂದು ನಾನು ನಂಬಿದ್ದೆ. ತೊಂದರೆಯಿದೆ. ಆ ಸಂಗತಿಯನ್ನು ಆದಷ್ಟೂ ನಿಧಾನವಾಗಿ, ನಡೆದದ್ದು ನಡೆದ ಹಾಗೆಯೇ ಹೇಳಬೇಕೆಂದಿದ್ದೇನೆ. ನಮ್ಮ ಮನೆಯಲ್ಲಿ ಈಗಲೂ ನನ್ನ ಸಾಕ್ಷಿಯನ್ನು ಪೂರ್ತಿ ನಂಬುವವರಿಲ್ಲ.

ನಮ್ಮ ಮಗಳು ಹುಟ್ಟಿದ್ದು ಉಕ್ರೇನಿನಲ್ಲಿ ಯುದ್ಧ ಶುರುವಾದ ವರ್ಷ. ಅದೇ ವರ್ಷ ಇಲ್ಲಿನ ಅಂಗಡಿಗಳಲ್ಲಿ ಮಕ್ಕಳ ಫಾರ್ಮುಲಾ ಹಾಲಿನ ಪುಡಿಯ ಡಬ್ಬಿಗೂ ಬರ ಬಂದಿತ್ತು. ಮೊದಲು ನಾವು ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ, ಎದೆಹಾಲು ಇರುವಾಗ ಡಬ್ಬಿಯ ಚಿಂತೆ ನಮಗೇಕೆ ಎಂದುಕೊಂಡಿದ್ದೆವು. ಆದರೆ ಮಗುವಿನ ತೂಕ ಏರಬೇಕಾದಷ್ಟು ಏರಲಿಲ್ಲ. ಡಾಕ್ಟರಮ್ಮ ಮೆತ್ತಗಿನ ದನಿಯಲ್ಲಿ, ಪ್ರತಿ ಸಲ ಎದೆಹಾಲು ಕೊಟ್ಟಾದ ಮೇಲೆ ಸ್ವಲ್ಪ ಫಾರ್ಮುಲಾ ಕುಡಿಸಿ, ಸೋಮವಾರ ಮತ್ತೆ ತೂಕ ನೋಡೋಣ ಎಂದರು. ನನ್ನ ಹೆಂಡತಿ ಅನು ಅಲ್ಲಿ ನಗುತ್ತ ತಲೆಯಾಡಿಸಿ, ಕಾರಿಗೆ ಬಂದು ಸೀಟುಬೆಲ್ಟು ಹಾಕಿಕೊಳ್ಳುವಾಗ ಅತ್ತಳು. ಬೇರೆ ರಾಜ್ಯದ ಕಮ್ಮಿಂಗ್ ಊರಿನಲ್ಲಿರುವ ನನ್ನ ಗೆಳೆಯ ಎಲ್ಲೋ ಹುಡುಕಿ ಒಂದು ಡಬ್ಬಿ ಕಳಿಸಿಕೊಟ್ಟ. ಅದು ಅಡುಗೆಮನೆಯ ಕಟ್ಟೆಯ ಮೇಲೆ ಬಂದು ಕೂತದ್ದೇ ತಡ, ಮನೆ ಎರಡು ಬಣವಾಯಿತು.

ಯಾರು ಯಾವ ಬಣವೆಂದು ನೀವು ಊಹಿಸಿದರೆ ತಪ್ಪುತ್ತೀರಿ. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಡಬ್ಬಿಯ ಪಕ್ಷ. "ನಿನ್ನನ್ನ ಬೆಳೆಸಿದ್ದೇ ಡಬ್ಬಿ ಹಾಲಲ್ಲಿ ಕಣೇ. ಏನಾಗಿದೆ ನಿನಗೆ? ಇಲ್ಲಿಗೆ ಬಂದು ಕೂತಿಲ್ವಾ?" ಎಂದು ಮಗಳಿಗೆ ಹೇಳುತ್ತಿದ್ದರು. ಎರಡು ಬೀದಿ ಆಚೆಗಿರುವ, ಧಾರವಾಡದ ಕಡೆಯ ಶಾಂತಾ ಆಂಟಿಯ ತಲೆ ಈ ದೇಶದಲ್ಲೇ ನರೆತಿದೆ. ಅವರು ಮಾತ್ರ ಎದೆಹಾಲಿನ ಪಕ್ಷ. "ಡಬ್ಬಿ ಮುಟ್ಟಬ್ಯಾಡವಾ ಅನೂ. ಸಬ್ಬಸಿಗಿ ತಿನ್ನು, ಬಳ್ಳೊಳ್ಳಿ ತಿನ್ನು, ತಾನ ಬರ್ತದ" ಎನ್ನುತ್ತಿದ್ದರು. ನಾನು ಆ ದಿನಗಳಲ್ಲಿ ಯುದ್ಧದ ಬಗ್ಗೆ ಭಾರತ ಅನುಸರಿಸುತ್ತಿದ್ದ ನೀತಿಯನ್ನೇ ಅನುಸರಿಸಿದೆ: ಎರಡೂ ಕಡೆಯವರ ಬಗ್ಗೆ ನನಗೆ ಗೌರವವಿದೆ, ಎಲ್ಲವನ್ನೂ ಮಾತುಕತೆಯಿಂದ ಬಗೆಹರಿಸಿಕೊಳ್ಳಬೇಕು. ನನ್ನ ಪಾಲಿಗೆ ಉಳಿದದ್ದು ಸಬ್ಬಸಿಗೆ ಸೊಪ್ಪು ತರುವ ಕೆಲಸ. ಇಲ್ಲಿನ ಅಂಗಡಿಯಲ್ಲಿ ಅದು ಬೆರಳು ಗಾತ್ರದ ಕಟ್ಟು. ಇದ್ದಬದ್ದದ್ದನ್ನೆಲ್ಲ ಬುಟ್ಟಿಗೆ ತುಂಬಿಕೊಳ್ಳುತ್ತಿದ್ದೆ. ಬಿಲ್ಲು ಹಾಕುವ ಅಜ್ಜಿ ಅದನ್ನೆಲ್ಲ ನೋಡಿ, ಮನೆಯಲ್ಲಿ ಈ ಸೊಪ್ಪು ಹಾಕಿ ಸೌತೆಕಾಯಿ ಉಪ್ಪಿನಕಾಯಿ ಮಾಡುತ್ತೀಯಾ ಮಗಾ ಎಂದು ಅಕ್ಕರೆಯಿಂದ ಕೇಳಿದರು. ಹೌದು ಎಂದೆ. ನಿಜ ಹೇಳಿದ್ದರೆ ಅವರೂ ಯಾವುದಾದರೊಂದು ಬಣ ಸೇರುತ್ತಿದ್ದರು.

ಕೊನೆಗೆ ಅನು ಎರಡನ್ನೂ ಕೊಡಲು ಮನಸ್ಸು ಮಾಡಿದಳು. ಮಗು ಬಾಟಲಿಯ ಹಾಲು ಕುಡಿದು ನೆಮ್ಮದಿಯಾಗಿ ನಿದ್ದೆ ಮಾಡಿತು. ಮನೆಯಲ್ಲಿ ಒಂದು ಬಗೆಯ ಕದನವಿರಾಮ ಬಂತು. ಅಷ್ಟರಲ್ಲಿ ಶನಿವಾರ ಬಂತು. ಶಾಂತಾ ಆಂಟಿ ಮತ್ತು ಅವರ ಯಜಮಾನರಾದ ಶ್ರೀಪಾದ ಅಂಕಲ್ ಕೂಡ ಬಂದರು.

ಈಗ ಹೇಳುವುದನ್ನು ಗಮನವಿಟ್ಟು ಕೇಳಬೇಕು. ಆಂಟಿ ಮಹಡಿಯ ಮೇಲೆ ಮಗುವಿನ ಕೋಣೆಯಲ್ಲಿ ಅನುವಿನ ಜೊತೆಗಿದ್ದರು. ಅತ್ತೆ ಕಾಫಿ ಕೊಟ್ಟು ಮಗುವಿನ ಬಟ್ಟೆ ಹರವಲು ಹಿತ್ತಿಲಿಗೆ ಹೋದರು. ಕೆಳಗೆ ನಾನು ಮತ್ತು ಅಂಕಲ್. ರಷ್ಯಾದಿಂದ ಗ್ಯಾಸ್ ಬರದಿದ್ದರೆ ಚಳಿಗಾಲದಲ್ಲಿ ಜರ್ಮನಿಯ ಗತಿಯೇನು ಎಂಬ ಮಾತು ನಡೆದಿತ್ತು. ಸದ್ದು ತೆಗೆದಿಟ್ಟಿದ್ದ ಟಿವಿಯಲ್ಲಿ ಯುರೋಪಿನ ನಕ್ಷೆಯಿತ್ತು. ನನ್ನ ಕಣ್ಣು ಅದರ ಮೇಲಿತ್ತು. ಅಂಕಲ್ ಯಾವ ಕಡೆ ನೋಡುತ್ತಿದ್ದರೆಂದು ನಾನು ನೋಡಲಿಲ್ಲ. ಅವರು ಒಂದು ಗುಟುಕು ಕಾಫಿ ಕುಡಿದು, "ಈಗ ಸಪ್ಲೈನ ಇಲ್ಲಂತಲ್ಲಪಾ. ಪಾಪ, ಏನ್ ಮಾಡ್ಬೇಕು ಅವ್ರು?" ಎಂದರು. ನಾನು ಹೇಳಿದ್ದು ಇಷ್ಟು, ಇದರಲ್ಲಿ ಒಂದಕ್ಷರ ಹೆಚ್ಚು ಕಡಿಮೆಯಿಲ್ಲ: "ಪಾಪ ಏನು ಬಂತು ಅಂಕಲ್? ಸ್ವಂತ ಸಪ್ಲೈ ಜಾಸ್ತಿ ಮಾಡ್ಕೊಳ್ಳೋಕೆ ಟೈಮ್ ಇತ್ತು, ಮಾಡ್ಕೊಳ್ಳಲಿಲ್ಲ. ಸುಲಭವಾಗಿ ಸಿಗುತ್ತೆ ಅಂತ ಹೊರಗಿನದನ್ನ ನೆಚ್ಕೊಂಡ್ರು. ಈಗ ಅನುಭವಿಸ್ಲಿ."

ಅಂಕಲ್ ಲೋಟದ ತಳ ನೋಡಿದರು. ನನ್ನ ವಾದಕ್ಕೆ ಅವರಲ್ಲಿ ಉತ್ತರವಿಲ್ಲವೆಂದು ನನಗೆ ಬಹಳ ಸಂತೋಷವಾಯಿತು. ನಮ್ಮ ಮನೆಯ ಎಸಿ ಗಾಳಿ ಬರುವ ಜಾಲರಿ ಸೋಫಾದ ಹಿಂದೆಯೇ ಇದೆ. ಗಾಳಿ ಮಹಡಿಗೆ ಹೋಗುವ ದಾರಿಯಲ್ಲೇ ಮಾತೂ ಹೋಗುತ್ತದೆ.

ಆ ಸಂಜೆ ಅನು ಬಾಟಲಿ ತೊಳೆದು ಒರೆಸಿ ಕಪಾಟಿನೊಳಗಿಟ್ಟಳು. ಅತ್ತೆ ಹಾಲು ಬೆರೆಸಿಕೊಂಡು ಬಂದರೆ, "ಬೇಡಮ್ಮ, ಇನ್ಮೇಲೆ ಬೇಡ" ಎಂದಳು. ಮಗು ಅತ್ತಿತು. ಎದೆಗೆ ಹಾಕಿಕೊಂಡಳು, ಪಂಪು ಹಿಡಿದಳು, ಮತ್ತೆ ಎದೆಗೆ ಹಾಕಿಕೊಂಡಳು. ಮಗುವಿನ ಅಳು ನಿಂತರೆ ಪಂಪಿನ ಸದ್ದು, ಪಂಪು ನಿಂತರೆ ಮಗುವಿನದು. ಸೋಮವಾರದ ತೂಕದ ತಕ್ಕಡಿ ನನ್ನ ಕಣ್ಣ ಮುಂದೆ ಬಂದು ನಿಂತಿತು. ಭಾನುವಾರ ಬೆಳಿಗ್ಗೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ಅಳಿಯಂದ್ರೇ, ನೀವೇನಾದ್ರೂ ಅಂದ್ರಾ?" ಎಂದು ಕೇಳಿದರು. "ನಾನಾ? ನಾನು ಏನೂ ಅಂದಿಲ್ವಲ್ಲ" ಎಂದೆ. ಆಗ ಅದು ಪ್ರಾಮಾಣಿಕವಾದ ಉತ್ತರವೇ ಆಗಿತ್ತು.

ಮೇಲೆ ಹೋಗಿ ಅನುವನ್ನೇ ಕೇಳಿದೆ. ಅವಳು ನನ್ನ ಕಡೆ ತಿರುಗದೆ, ನನ್ನ ನಾಲ್ಕು ವಾಕ್ಯಗಳನ್ನೂ ಹೇಳಿದಳು, ನನ್ನ ದನಿಯಲ್ಲೇ.

"ಅಯ್ಯೋ, ಅದು ಜರ್ಮನಿ ಬಗ್ಗೆ ಕಣೇ!"

"ಜರ್ಮನಿ ಅನ್ನೋ ಪದ ಎಲ್ಲಿತ್ತು ಅದರಲ್ಲಿ?"

ಇರಲಿಲ್ಲ. ಕನ್ನಡದಲ್ಲಿ ಕರ್ತೃಪದವಿಲ್ಲದೆ ಬದುಕಿಡೀ ಮಾತಾಡಬಹುದು. ನಾನು ಹಾಗೆಯೇ ಬದುಕಿಕೊಂಡು ಬಂದವನು. ಆದರೂ ವ್ಯಾಕರಣದಲ್ಲೇ ಒಂದು ದಾರಿ ಕಂಡಿತು. "ನೋಡು, 'ನೆಚ್ಕೊಂಡ್ಲು' ಅಂದ್ನಾ? 'ನೆಚ್ಕೊಂಡ್ರು' ಅಂದೆ. ಬಹುವಚನ. ಒಂದಿಡೀ ದೇಶ."

"ಅಂಕಲ್ ಮುಂದೆ ಯಾವಾಗ್ಲೂ ನನ್ನನ್ನ 'ಅವ್ರು, ಇವ್ರು' ಅಂತೀಯಲ್ಲ, ದೊಡ್ಡ ಮರ್ಯಾದಸ್ಥ. ಬೈಯೋವಾಗ್ಲೂ ಮರ್ಯಾದೆ ಕೊಟ್ಟಿದೀಯ, ಥ್ಯಾಂಕ್ಸ್." ಅವಳ ಕಣ್ಣು ತುಂಬಿತ್ತು. "ಟೈಮ್ ಇತ್ತಂತೆ! ನಾನೇನು ಕೊಡಬಾರದು ಅಂತ ಕೂತಿದೀನಾ?"

ಸಾಕ್ಷಿ ಬೇಕಾಗಿತ್ತು. ಅಂಕಲ್ ಇದ್ದಾರಲ್ಲ! ಅಲ್ಲೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. "ಅಂಕಲ್, ನಿನ್ನೆ ಸಪ್ಲೈ ಬಗ್ಗೆ ಮಾತಾಡಿದ್ವಲ್ಲ, ಅದು ಯಾವುದರ ಬಗ್ಗೆ ಅಂತ ಅನುಗೆ ಸ್ವಲ್ಪ ಹೇಳಿಬಿಡಿ" ಎಂದೆ, ಗೆದ್ದವನ ಉತ್ಸಾಹದಲ್ಲಿ.

"ಅದ ಡಬ್ಬಿ ಹಾಲಿಂದಪಾ" ಎಂದರು ಅಂಕಲ್. "ನಿಮ್ಮ ಅಡಗಿಮನ್ಯಾಗ ಡಬ್ಬಿ ನೋಡಿ ಕೇಳಿದೆ, ಈಗಿನ ಹುಡಿಗ್ಯಾರು ಏನ್ ಮಾಡ್ಬೇಕು ಅಂತ. ನೀ ಅನುಭವಿಸಲಿ ಅಂದಿ. ನನಗ ಭಾಳ ಕೆಟ್ಟನಿಸ್ತು. ನಿಮ್ಮ ಮನಿ ಕಾಫಿ ಕುಡ್ಕೋತ ನಿನ್ನ ಜೋಡಿ ಹ್ಯಾಂಗ ಜಗಳಾಡ್ಲಿ ಅಂತ ಸುಮ್ನ ಕುಂತೆ."

ಜರ್ಮನಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಶಾಂತಾ ಆಂಟಿಯ ಕೈಗೆ ಹೋಗಿತ್ತು. "ಅನೂ, ಕೇಳವಾ ಇಲ್ಲೆ. ಕೆಳಗ ಇಂವ ಅಂದದ್ದು ನನಗೂ ಕೇಳಿಸ್ತು. ಅವತ್ತಿಂದ ನಾ ಡಬ್ಬಿ ಕಡೆ ಅದೇನಿ ನೋಡು. ಕುಡಸು! ನನ್ನ ದೊಡ್ಡ ಮಗಾನೂ ಡಬ್ಬಿ ಹಾಲು ಕುಡದಾನ, ಯಾರಿಗೂ ಹೇಳಿದ್ದಿಲ್ಲ. ನಮಗ ಬುದ್ಧಿ ಹೇಳಾಕ ಈ ಗಂಡಸರ್ಯಾರು? ಒಂದ್ ತಾಸು ಕೂತು ಹಾಲು ಕುಡಿಸಿ ನೋಡ್ಲಿ!"

ಅವರ 'ಅವತ್ತು' ನಿನ್ನೆಯೇ. ಬಾಗಿಲಲ್ಲಿ ನಿಂತಿದ್ದ ಅತ್ತೆ ಫೋನಿನತ್ತ ಬಗ್ಗಿ, "ಸರಿಯಾಗಿ ಹೇಳಿದ್ರಿ ಶಾಂತಾ" ಎಂದರು. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ಅಂದೇ ನಾನು ಮೊದಲು ಕಂಡದ್ದು. ಬಣಗಳನ್ನು ಒಂದುಗೂಡಿಸಲು ಇಬ್ಬರಿಗೂ ಒಬ್ಬನೇ ಶತ್ರು ಸಿಕ್ಕರೆ ಸಾಕೆಂದು ಸೋಫಾದ ಮೇಲೆ ಕೂತು ನಾನೇ ಎಷ್ಟೋ ಸಲ ಹೇಳಿದ್ದೇನೆ. ಆ ಹುದ್ದೆ ನನಗೇ ಸಿಗುವುದೆಂದು ತಿಳಿದಿರಲಿಲ್ಲ. ಅನು ಮೂಗು ಒರೆಸಿಕೊಂಡು ನಕ್ಕಳು. ಆಂಟಿಯ ದೊಡ್ಡ ಮಗ ಆರಡಿ ಎತ್ತರದ ಹಲ್ಲಿನ ಡಾಕ್ಟರು. ಅವನ ಕೈಯಲ್ಲಿ ಹಾಲಿನ ಬಾಟಲಿ ಇರುವುದು ಅವಳ ಕಣ್ಣಿಗೆ ಕಟ್ಟಿತೇನೋ. ಕಪಾಟಿನಿಂದ ಬಾಟಲಿ ಹೊರಬಂತು. ಬೆರೆಸಿ, ಬಿಸಿ ನೋಡಿ, ಮಗುವನ್ನೂ ಅದನ್ನೂ ನನ್ನ ತೋಳಿಗಿಟ್ಟು, "ಹಿಡ್ಕೋ. ಮಾತಾಡ್ಬೇಡ" ಎಂದಳು. ಮಗು ಕಣ್ಣು ಮುಚ್ಚಿಕೊಂಡು ಗಟಗಟ ಕುಡಿಯಿತು. ಅಷ್ಟು ಹಸಿದಿತ್ತು.

ಸೋಮವಾರ ತೂಕ ಏರಿತ್ತು. ಬಹಳವಲ್ಲ, ಆದರೆ ಡಾಕ್ಟರಮ್ಮನ ಮುಖ ಅರಳುವಷ್ಟು. ಮನೆಗೆ ಬರುವ ದಾರಿಯಲ್ಲಿ ಅನು ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕೂತು ಕೇಳಿದಳು:

"ನಿಜ ಹೇಳು. ಜರ್ಮನಿ ಬಗ್ಗೆನೇ ಹೇಳಿದ್ದಾ?"

"ನಿಜವಾಗ್ಲೂ ಕಣೇ. ಮಗು ಆಣೆ."

"ಸರಿ, ನಂಬ್ತೀನಿ. ಆದ್ರೆ ಅವ್ರಿಗಾದ್ರೂ ಹಾಗೆ ಯಾಕೆ ಅಂದೆ? ಅಲ್ಲೂ ಬಾಣಂತೀರು ಇರ್ತಾರಲ್ವಾ, ಆ ಚಳೀಲಿ?"

ದೂರದ ದೇಶವೊಂದರ ಬಗ್ಗೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲದೆ ಹೋದದ್ದು ಅದೇ ಮೊದಲು. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಎಡಕ್ಕೆ ತಿರುಗುವುದರಲ್ಲಿ ತುಂಬ ಎಚ್ಚರ ವಹಿಸಿದೆ.