ಇಷ್ಟರಿಂದ ಇಷ್ಟರೊಳಗೆ

ಸಮಯ ಹೇಳುವುದರಲ್ಲಿ ನಾನು ಬಹಳ ಉದಾರಿ. ಯಾರು ಕೇಳಿದರೂ ಒಂದೇ ಗಂಟೆ ಹೇಳಿ ಸಿಕ್ಕಿಬೀಳುವುದಿಲ್ಲ. ಇಷ್ಟರಿಂದ ಇಷ್ಟರೊಳಗೆ ಎಂದು ಆಚೀಚೆ ಜಾಗ ಬಿಟ್ಟುಕೊಳ್ಳುತ್ತೇನೆ. ತಪ್ಪು ನನ್ನೊಬ್ಬನದಲ್ಲ. ಬನಹಟ್ಟಿಯಲ್ಲಿ ಯಾವ ನೇಕಾರರನ್ನು ಕೇಳಿದರೂ 'ಸೋಮವಾರದಿಂದ ಗುರುವಾರದೊಳಗ ಸೀರಿ ಇಳಿತೈತ್ರಿ' ಅನ್ನುತ್ತಾರೆ. ಯಾವ ಸೋಮವಾರ ಎಂದು ಕೇಳುವುದು ಮರ್ಯಾದೆಯಲ್ಲ.

ನಾನು ಕೆಲಸ ಮಾಡುವ ಸೀರೆ ಮಳಿಗೆಯ ಕಂಪ್ಯೂಟರಿನಲ್ಲಿ ಪ್ರತಿ ಸೀರೆಗೂ ಇಂಥದೊಂದು ಅವಧಿ ಇದೆ: ಮಗ್ಗಕ್ಕೆ ಏರಿದ ದಿನದಿಂದ ಇಳಿದ ದಿನದವರೆಗೆ, ಎರಡೂ ಒಂದೇ ಖಾನೆಯಲ್ಲಿ. ಹಬ್ಬದ ವಾರ ಯಾವ ಸೀರೆಗಳು ಮಗ್ಗದ ಮೇಲಿದ್ದವು ಎಂದು ಮಾಲೀಕರು ಕೇಳಿದರೆ, ಡೇಟಾಬೇಸು ಹುಡುಕುವ ಮೊದಲು ಎಷ್ಟು ಸಿಗಬಹುದೆಂದು ಅಂದಾಜು ಮಾಡುತ್ತದೆ. ಅದಕ್ಕಾಗಿ ಆಗಾಗ ಒಂದಷ್ಟು ಸಾಲುಗಳನ್ನು ಹೆಕ್ಕಿ ನೋಡಿ, ಅವಧಿಗಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ, ಎಷ್ಟು ಉದ್ದ, ಮಗ್ಗಕ್ಕೇ ಏರದೆ ಖಾಲಿ ಉಳಿದವು ಎಷ್ಟು ಪಾಲು ಎಂದು ಗುರುತು ಹಾಕಿಕೊಂಡಿರುತ್ತದೆ. ಇದೆಲ್ಲ ಒಳಗೆ ಮೊದಲಿನಿಂದಲೂ ಇತ್ತಂತೆ. ನಾವು ಓದುವ ಪಟ್ಟಿಯಲ್ಲಿ ಕಾಣಿಸತೊಡಗಿದ್ದು ಡೇಟಾಬೇಸಿನ ಹೊಸ ಆವೃತ್ತಿ ಹಾಕಿದ ಮೇಲೆ. ಮೊನ್ನೆ ಮಧ್ಯಾಹ್ನ ಆ ಪಟ್ಟಿ ನೋಡುತ್ತ ಕೂತಾಗ, ನನ್ನ ಮಾತುಗಳಿಗೂ ಯಾರಾದರೂ ಹೀಗೆ ಲೆಕ್ಕ ಇಟ್ಟಿದ್ದರೆ ಎನ್ನಿಸಿ ನಾಚಿಕೆಯಾಯಿತು.

ಅಂದು ಪಕ್ಕದೂರು ಚಿಮ್ಮಡದಲ್ಲಿ ಹೆಂಡತಿಯ ಅಕ್ಕನ ಮೊಮ್ಮಗನಿಗೆ ಹೆಸರಿಡುವ ಕಾರ್ಯ. 'ನಾಲ್ಕರಿಂದ ಐದರೊಳಗ ಬರ್ತೀನಿ, ಕೂಡೇ ಹೋಗೂಣು' ಎಂದು ಹೆಂಡತಿಗೆ ಹೇಳಿ ಬಂದಿದ್ದೆ. ಹಿಂದಿನ ಮೂರು ಕಾರ್ಯಗಳಿಗೆ ಅವಳೊಬ್ಬಳೇ ಹೋಗಿದ್ದಳು. ಈ ಸಲವೂ ಹಾಗಾದರೆ ಇನ್ನು ಮುಂದೆ ನನ್ನನ್ನು ಕರೆಯುವುದೇ ಇಲ್ಲ ಅಂದಿದ್ದಳು. ನಿಜ ಹೇಳಬೇಕೆಂದರೆ ಆ ಮಾತು ಚುಚ್ಚಿತ್ತು.

ನಾಲ್ಕೂ ಹತ್ತಕ್ಕೆ ಮನೆಯ ಮುಂದಿದ್ದೆ. ಬಾಗಿಲಿಗೆ ಬೀಗ.

'ಮೂರಕ್ಕ ಆಟೋ ಹತ್ತಿ ಹ್ವಾದಳಪಾ' ಅಂದರು ಪಕ್ಕದ ಮನೆಯ ಅಜ್ಜಿ.

ಹೆಂಡತಿಗೆ ಫೋನು ಮಾಡಿದೆ. 'ನಾಲ್ಕಕ್ಕ ಬರ್ತೀನಂದಿದ್ದೆ, ಬಂದೇನಿ ನೋಡು.'

'ನೀವು ನಾಲ್ಕಂದ್ರ ಆರು, ಆರಂದ್ರ ಬರೂದ ಇಲ್ಲ. ಇಪ್ಪತ್ತು ವರ್ಷದಿಂದ ನೋಡಾಕತ್ತೇನ್ರಿ. ಇಷ್ಟು ದಿನ ಬಾಯಿಬಿಟ್ಟು ಹೇಳಿದ್ದಿಲ್ಲ, ಅಷ್ಟ.'

ನಾನು ಬಾರದೇ ಹೋದ ಖಾಲಿಯ ಪಾಲೂ ಸೇರಿದಂತೆ ಅವಳ ಲೆಕ್ಕ ಪೂರ್ತಿ ಇತ್ತು. ಆದರೆ ಹಳೆಯದು. ಅಂದಿನ ನನ್ನ ಸಾಧನೆ ಅದರಲ್ಲಿ ಸೇರಿರಲಿಲ್ಲ, ಅದಕ್ಕೇ ಸಿಟ್ಟು ಬಂತು. 'ಅರ್ಧ ತಾಸಿನಿಂದ ಒಂದು ತಾಸಿನೊಳಗ ಅಲ್ಲಿರ್ತೀನಿ' ಅಂದೆ.

'ಆತು, ಬರ್ರಿ. ನಿಮ್ಮ ಹೋಳಗಿ ಡಬ್ಬ್ಯಾಗ ತುಂಬಿಸಿಡ್ತೀನಿ.'

ಮನೆಗೆ ಒಯ್ಯುವ ಡಬ್ಬಿ. ಅವಮಾನದಿಂದ ಬಿರಬಿರನೆ ಬಸ್ ಸ್ಟ್ಯಾಂಡಿಗೆ ನಡೆದೆ. ಅಲ್ಲಿ ಹಳೆಯ ಗೆಳೆಯನೊಬ್ಬ ಚಹಾ ಕುಡಿಯುತ್ತ ಕೂತಿದ್ದ. ನನಗಾದ ಅನ್ಯಾಯವನ್ನು ಅವನಿಗೆ ಮೊದಲಿನಿಂದ ವಿವರಿಸಬೇಕಾಯಿತು. ಅಷ್ಟರಲ್ಲಿ ಚಿಮ್ಮಡದ ಬಸ್ಸು ಹೋಗಿತ್ತು.

ಏಳಕ್ಕೆ ಹೆಂಡತಿಯ ಜೊತೆ ಡಬ್ಬಿ ಮನೆಗೆ ಬಂತು. ಹೋಳಿಗೆ ಇನ್ನೂ ಬೆಚ್ಚಗಿತ್ತು.