ಅಣ್ಣನ ಮಷೀನು, ನನ್ನ ಚಟ್ನಿ

ನಮ್ಮ ಅಣ್ಣ ಯಾರ ಮಾತನ್ನೂ ಕೇಳುವುದಿಲ್ಲವೆಂದು ಮಿರಜದ ನಮ್ಮ ಓಣಿಯವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು! ತನ್ನ ಮಷೀನಿನ ಮಾತು ಕೇಳುತ್ತಾನೆ. ಅದು ‘ಗುಂಯ್’ ಎಂದರೆ ನಗುತ್ತಾನೆ, ‘ಕರ್ರ್’ ಎಂದರೆ ಊಟ ಬಿಟ್ಟು ಏಳುತ್ತಾನೆ.

ಕಂಪ್ಯೂಟರಿನಲ್ಲಿ ಬರೆದದ್ದನ್ನು ತಾನೇ ಕಟ್ಟಿಗೆಯಲ್ಲಿ ಕೊರೆಯುವ ಮಷೀನು. ಸಿಎನ್‌ಸಿ ರೌಟರ್ ಅಂತೆ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಇಷ್ಟು ತಿಳಿದರೆ ಸಾಲದೇ? ಬಿಡಿಭಾಗಗಳನ್ನು ತರಿಸಿ ಅಡಿಗೆಮನೆಯ ಪಕ್ಕದಲ್ಲೇ ಜೋಡಿಸಿದ. ಮೊದಲ ದಿನ ಅದರ ಸದ್ದು ಕೇಳಿ ಎದುರುಮನೆಯ ಮಾವಶಿ ಜೋಳದ ಡಬ್ಬಿ ಹೊತ್ತು ಬಂದರು.

“ಗಿರಣಿ ಹಾಕೀರಂತಲ್ಲ? ಸಣ್ಣಗ ಬೀಸ್ರಿ, ರೊಟ್ಟಿ ಹರೀಬಾರ್ದು.”

“ಮಾವಶಿ, ಇದು ಕಟ್ಟಿಗಿ ಕೊರಿಯೂದ್ರಿ,” ಎಂದ ಅಣ್ಣ.

“ಕಟ್ಟಿಗಿ ಕೊರೀತೈತಿ, ಜೋಳ ಬೀಸೂದಿಲ್ಲ? ಎಂಥಾ ಮಷೀನಪಾ ಇದು!”

ಆಮೇಲೆ ಸುಧಾರಣೆಗಳು ಶುರುವಾದವು. ಮಷೀನು ಅಲುಗಾಡುತ್ತದೆಂದು ಅವ್ವನ ಬೀಸುಕಲ್ಲನ್ನು ಅದರ ಮೇಜಿನಡಿ ಕಟ್ಟಿದ. ಪುಡಿ ಹಾರುತ್ತದೆಂದು ನನ್ನ ಸೀರೆ ಹರಿದು ಪರದೆ ಮಾಡಿದ. ನನಗೆ ಹೊಸ ಸೀರೆ? ಆ ಸುದ್ದಿಯೇ ಇಲ್ಲ! ಗಂಡನ ಮನೆ ಬಿಟ್ಟು ಬಂದವಳು, ಅಣ್ಣನ ಮನೆಯಲ್ಲಿ ಜೋರು ಮಾಡಲಾದೀತೇ?

ಆದರೆ ಅವನ ಮಷೀನಿಗೂ ನನ್ನ ಮಿಕ್ಸರಿಗೂ ಸೇರಿ ಇದ್ದದ್ದು ಒಂದೇ ಪ್ಲಗ್ಗು.

ಒಂದು ಮುಂಜಾನೆ, ಅಪ್ಪನ ಜೋಕಾಲಿಯ ಸಾಗವಾನಿ ಹಲಗೆ ಇಟ್ಟು ಮಷೀನು ಚಾಲೂ ಮಾಡಿದ. “ಮುಟ್ಟಬ್ಯಾಡ ತಂಗಿ. ಅಪ್ಪಂದು ಇದೊಂದ ಹಲಗಿ ಉಳದೈತಿ,” ಎಂದು ಹೇಳಿ ಸಾಂಗ್ಲಿಗೆ ಹೋದ. ನಾನು ಶೇಂಗಾ ಹುರಿದಿಟ್ಟು ಕುಳಿತಿದ್ದೆ. ಎಷ್ಟೊತ್ತು ಕಾಯಲಿ? ಅದರ ಪ್ಲಗ್ ಕಿತ್ತೆ, ಚಟ್ನಿ ಮಾಡಿದೆ, ಮತ್ತೆ ಚುಚ್ಚಿದೆ. ಮಷೀನು ಮಿಸುಕಲಿಲ್ಲ!

“ಕರೆಂಟ್ ಹೋಗಿತ್ತಣ್ಣಾ,” ಎಂದೆ, ಅವನು ಬಂದೊಡನೆ.

ಅವನು ನಿಂತಲ್ಲಿಂದ ಮುಂದುವರಿಸಲು ನೋಡಿದ. ಮಷೀನಿಗೆ ತಾನು ಎಲ್ಲಿ ನಿಂತಿದ್ದೆನೆಂಬುದೇ ಮರೆತಿತ್ತು. ಹಲಗೆಯ ಮೇಲೆ ಓರೆಯಾಗಿ ಆಳವಾದ ಗೀರು ಬಿತ್ತು. ಅಣ್ಣ ಬಯ್ಯಲಿಲ್ಲ. ಪುಡಿ ಮುಚ್ಚಿದ ಹಲಗೆಯನ್ನು ಒಳಗೊಯ್ದ. ಚಟ್ನಿ ಹಚ್ಚಿಕೊಂಡು ಉಂಡ. “ಇನ್ನ ಮ್ಯಾಲ ನಿಲ್ಲದಂಗ ಮಾಡತೇನಿ,” ಎಂದು ವೈರು ತಂದು ಗೋಡೆ ಕೊರೆಯತೊಡಗಿದ. ಕರೆಂಟು ಹೋದರೂ ನಡೆಸಲು ಬ್ಯಾಟರಿಯೋ ಏನೋ ಎಂದುಕೊಂಡೆ. ನನ್ನ ಸುಳ್ಳಿಗೆ ಇವನು ಔಷಧ ಹುಡುಕುತ್ತಿದ್ದಾನಲ್ಲ! ಹೇಳಿಬಿಡಬೇಕೆಂದು ಬಾಯಿಗೆ ಬಂದದ್ದನ್ನು ಪ್ರತಿ ಸಲ ತುತ್ತಿನ ಜೊತೆ ನುಂಗಿದೆ.

ನಿನ್ನೆ ಕರೆದ. ಒಲೆಯ ಪಕ್ಕದಲ್ಲಿ ಹೊಸ ಪ್ಲಗ್ಗು.

“ಇದು ನಿನ್ನ ಮಿಕ್ಸರಿಗೆ.”

“ಅಣ್ಣಾ, ಅವತ್ತು…”

“ಗೊತ್ತೈತಿ ಬಿಡ. ಕರೆಂಟ್ ಇಲ್ಲದ ಚಟ್ನಿ ಅಷ್ಟು ಸಣ್ಣಗ ಆಗತೈತೇನ? ಛಲೋ ಮಾತ್ರ ಆಗಿತ್ತು!”

ಹೊರಗೆ ಬಂದು ನೋಡಿದರೆ, ಬಾಗಿಲಿಗೆ ಅಪ್ಪನ ಅದೇ ಹಲಗೆ ಬಡಿದಿದ್ದ. ಮನೆಯವರ ಹೆಸರಿನ ಫಲಕ. ಓಣಿಯ ಉಳಿದ ಫಲಕಗಳೆಲ್ಲ ಮರಾಠಿ. ಇದು ನನಗೆ ಓದಲು ಬರುವ ಕನ್ನಡ. ಮೇಲೆ ಅವನ ಹೆಸರು. ಕೆಳಗೆ, ಗೀರಿನ ಪಕ್ಕದಲ್ಲಿ, ನನ್ನದು. ಮೊದಲಕ್ಷರ ಮಷೀನು ಕೊರೆದದ್ದು, ಮಿಕ್ಕವನ್ನು ಅವನೇ ಕೈಯಿಂದ ಕೆತ್ತಿದ್ದ.

“ಉಳದದ್ದೂ ಮಷೀನಿಗೇ ಹಚ್ಚಬೇಕಿತ್ತಿಲ್ಲೇನ?”

“ಹಚ್ಚಿದ್ದರ ನಿನಗ ಮತ್ತ ಚಟ್ನಿ ನೆನಪಾಗತಿತ್ತು.”

ಕೂಡಿಸಿ ಕೂಡಿಸಿ ನನ್ನ ಹೆಸರು ಓದಿದೆ. ಬಹಳ ಹೊತ್ತು ಹಿಡಿಯಿತು. ಅಕ್ಷರ ಸೊಟ್ಟಗಿದ್ದವಲ್ಲ, ಅದಕ್ಕೇ!