ಪರದೇಶಿ ಜೀಪಿನ ರಿಪೇರಿ

ಎರಡು ಭಾಷೆ ಬಲ್ಲವನಿಗೆ ಒಂದು ಅನುಕೂಲವಿದೆ. ಒಂದನ್ನು ಊರಿಗೆಲ್ಲ ಕೇಳುವಂತೆ ಆಡಬಹುದು, ಇನ್ನೊಂದನ್ನು ಊರಿನ ಎದುರಿಗೇ ಗುಟ್ಟಾಗಿ ಆಡಬಹುದು. ಕಂಬಂ ಕಣಿವೆಯ ಕನ್ನಡದವರಾದ ನಾವು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ಇದನ್ನೇ. ಬಸ್ಸಿನಲ್ಲಿ, ಸಂತೆಯಲ್ಲಿ, ತಾಲೂಕು ಕಚೇರಿಯಲ್ಲಿ ತಮಿಳು. ಅಂಗಡಿಯವನ ತಕ್ಕಡಿ ಯಾಕೋ ಸರಿಯಿಲ್ಲ ಎಂದು ಹೆಂಡತಿಗೆ ಹೇಳುವಾಗ ಕನ್ನಡ. ಅದೂ ಎಂಥ ಕನ್ನಡ ಅಂತೀರಿ? ಹಿಂದೆ ದ್ರಾಕ್ಷಿ ಲೋಡಿನ ಜೊತೆ ಬೆಂಗಳೂರಿಗೆ ಹೋಗಿಬರುತ್ತಿದ್ದಾಗ ನಾನು ಅಂಗಡಿ ಬೋರ್ಡುಗಳನ್ನು ಓದಿ ಓದಿಯೇ ಅಕ್ಷರ ಕಲಿತೆ. ಆದರೆ ಬಾಯಿ ತೆರೆದರೆ ಸಾಕು, ಮಾರ್ಕೆಟ್ಟಿನವರು ನನಗೆ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದರು. ಬೆಂಗಳೂರಿನವರಿಗೇ ತಿಳಿಯದ ಮಾತು ದಿಂಡಿಗಲ್ಲಿನವನಿಗೆ ಹೇಗೆ ತಿಳಿದೀತು ಎಂಬ ಧೈರ್ಯದಲ್ಲೇ ನಾನೂ ನನ್ನ ಹೆಂಡತಿಯೂ ಆ ದಿನ ಜೀಪು ನೋಡಲು ಹೊರಟದ್ದು.

ಜೀಪಿನ ಹುಚ್ಚು ನನಗೆ ಹತ್ತಿದ್ದು ಗೂಡಲೂರಿನ ಟೀ ಅಂಗಡಿಯ ಮುಂದೆ. ಕುಮಿಳಿ ಘಾಟಿಯಿಂದ ಇಳಿದು ಬಂದ ದೊಡ್ಡ ವಿದೇಶಿ ಜೀಪೊಂದು ನನ್ನ ಪಕ್ಕದಲ್ಲೇ ನಿಂತಿತು. ಏಲಕ್ಕಿ ತೋಟಗಳಿಗೆ ಓಡಾಡುವ ನಮ್ಮ ಕಡೆಯ ಜೀಪುಗಳಾದರೆ ಬರುವುದು ಅರ್ಧ ಮೈಲಿಯಿಂದಲೇ ಕೇಳಿಸುತ್ತದೆ. ಇದು ಬಂದದ್ದೇ ತಿಳಿಯಲಿಲ್ಲ. ಕಿಟಕಿಯ ಗಾಜು ತಾನಾಗಿ ಇಳಿಯಿತು, ಒಳಗಿನ ತಣ್ಣನೆಯ ಗಾಳಿ ಮುಖಕ್ಕೆ ತಾಗಿತು, ಕೂತಿದ್ದವರು ಕಂಬಂಗೆ ಎಷ್ಟು ದೂರ ಎಂದು ಕೇಳಿಕೊಂಡು ಹೊರಟುಹೋದರು. ನಾನು ಟೀ ಆರುವವರೆಗೆ ಅಲ್ಲೇ ನಿಂತಿದ್ದೆ. ಆ ವರ್ಷ ದ್ರಾಕ್ಷಿಗೆ ಒಳ್ಳೆಯ ಬೆಲೆ ಸಿಕ್ಕಿತ್ತು. ಅದರಲ್ಲಿ ಚಪ್ಪರದ ವಾಲಿದ ಕಲ್ಲುಕಂಬಗಳನ್ನು ಬದಲಿಸಿ ಹೊಸ ತಂತಿ ಎಳೆಸಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ತೀರ್ಮಾನ ಹೆಂಡತಿಯದು, ಆಗ ನಾನೂ ಅಲ್ಲಿ ಹಾಜರಿದ್ದೆ.

ನನ್ನ ಹೆಂಡತಿ ಪೊನ್ನುತ್ತಾಯಿ ನನ್ನನ್ನು ಮಾಮಾ ಎಂದು ಕರೆಯುತ್ತಾಳೆ. ನಮ್ಮ ಕಡೆ ಗಂಡನನ್ನು ಹಾಗೆ ಕರೆಯುವುದು ವಾಡಿಕೆ. ದಿಂಡಿಗಲ್ಲಿನ ಬೀಗದ ವ್ಯಾಪಾರಿಯೊಬ್ಬರು ಅಂಥದ್ದೇ ಹಳೆಯ ಜೀಪು ಮಾರುತ್ತಾರಂತೆ ಎಂದು ನಾನು ಸುದ್ದಿ ತೆಗೆದಾಗ ಅವಳು ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, "ಪರದೇಶಿ ಜೀಪು ತಗಂಡ್ರೆ ನಾವೇ ಪರದೇಶಿ ಆಗ್ತೀವಿ ಮಾಮಾ," ಅಂದಳು. "ಕೊಳ್ಳೋದು ಒಂದ್ ದಿನ, ಸಾಕೋದು ದಿನಾ."

ಪರದೇಶಿ ಎಂಬ ಮಾತನ್ನು ಅವಳು ಹಗುರಾಗಿ ಆಡುವವಳಲ್ಲ. ಅವಳಿಗೆ ಅಣ್ಣತಮ್ಮಂದಿರಿಲ್ಲ, ತಂದೆ ತಾಯಿ ಇಬ್ಬರೂ ಹೋಗಿಬಿಟ್ಟಿದ್ದಾರೆ. ಮಗಳಿಗೆ ನಾಲ್ಕು ತುಂಬಿದರೂ ಕಿವಿ ಚುಚ್ಚಿಸಿರಲಿಲ್ಲ. ಮಗುವನ್ನು ಸೋದರಮಾವನ ಮಡಿಲಲ್ಲಿ ಕೂರಿಸಿಯೇ ಚುಚ್ಚಿಸಬೇಕು. ದೂರದ ಯಾರನ್ನಾದರೂ ಮಾವ ಎಂದು ಕೂರಿಸೋಣ ಎಂದರೆ, "ಬಾಡಿಗೆ ಮಾಮ ನಂಗ್ ಬ್ಯಾಡ" ಎಂದು ಅಡಿಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು. ಹಾಗಾಗಿ ಆ ಮಾತನ್ನು ನಾನೂ ಬೆಳೆಸುತ್ತಿರಲಿಲ್ಲ.

ರಿಪೇರಿಯ ವಿಚಾರ ತಿಳಿಯಲೆಂದು ನಮ್ಮ ಟ್ರ್ಯಾಕ್ಟರ್ ಮೆಕ್ಯಾನಿಕ್‌ನನ್ನು ಕೇಳಿದೆ. ಅವನು ಪ್ರಾಮಾಣಿಕ. "ಅಣ್ಣಾ, ಬಿಚ್ಚೋದು ನಾನೇ ಬಿಚ್ತೀನಿ. ಜೋಡಿಸೋದಕ್ಕೆ ಬ್ಯಾರೆ ಆಳು ನೋಡ್ಕಳಿ," ಅಂದ. ಇದನ್ನು ನಾನು ಮನೆಯಲ್ಲಿ ಅರ್ಧ ಮಾತ್ರ ಹೇಳಿದೆ. ಕೊನೆಗೆ ಪೊನ್ನುತ್ತಾಯಿ ಒಂದು ಷರತ್ತಿನ ಮೇಲೆ ಒಪ್ಪಿದಳು: ತಾನೂ ಬರುತ್ತಾಳೆ, ಖರ್ಚಿನ ಪ್ರಶ್ನೆಗಳನ್ನೆಲ್ಲ ತಾನೇ ಎತ್ತುತ್ತಾಳೆ, ಅವುಗಳನ್ನು ನಾನು ತಮಿಳಿನಲ್ಲಿ ಕೇಳಬೇಕು.

ವ್ಯಾಪಾರಿಯ ಹೆಸರು ರಾಜು. ಐವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಪಂಚೆ, ಕಾಡಿಗೆಗಿಂತ ಕಪ್ಪಾದ ಮೀಸೆ. ಅಂಗಳದಲ್ಲಿ ಆ ಜೀಪು ಹೊಳೆಯುತ್ತ ನಿಂತಿತ್ತು. ಒಳಗೆ ಕೂತು ಬಾಗಿಲು ಎಳೆದುಕೊಂಡೆ. ಬೀದಿಯ ಸದ್ದೆಲ್ಲ ಹೊರಗೇ ಉಳಿಯಿತು. ಅಲ್ಲಿಂದ ಇಳಿಯುವ ಮನಸ್ಸೇ ಬರಲಿಲ್ಲ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಜಗುಲಿಯಲ್ಲಿ ಕೂತು ಮಾತು ಶುರುವಾಯಿತು. ನಾನು ತಮಿಳಿನಲ್ಲಿ ಬಹಳ ಮರ್ಯಾದೆಯಿಂದ, "ಗೇರ್‌ಬಾಕ್ಸ್ ಹೇಗಿದೆ ಸಾರ್?" ಎಂದೆ. ಅವರೂ ಅಷ್ಟೇ ಮರ್ಯಾದೆಯಿಂದ ಬೆಣ್ಣೆಯ ಹಾಗಿದೆ ಎಂದರು. ಪೊನ್ನುತ್ತಾಯಿ ನಗುಮುಖದಲ್ಲೇ ನನಗೆ ಕನ್ನಡದಲ್ಲಿ ಹೇಳಿದಳು: "ಬೆಣ್ಣೆ ಅಂದ್ರೆ ಕರಗಿ ಹೋಗ್ತದೆ ಅಂತಾನೇ ಅರ್ಥ. ಬಿಡಿ ಸಾಮಾನು ಎಲ್ಲಿ ಸಿಗ್ತದೆ ಕೇಳಿ." ಕೇಳಿದೆ. ಎಲ್ಲ ಕಡೆಯೂ ಸಿಗುತ್ತದೆ ಎಂದರು. "ಎಲ್ಲ ಕಡೆ ಅಂದ್ರೆ ಎಲ್ಲೂ ಇಲ್ಲ. ಮಾಮಾ, ಇವನ ಮೀಸೆ ನೋಡಿ. ಮೀಸೆಗೆ ಡೈ ಹೊಡ್ದವನು ವಂಡಿಗೆ ಪೈಂಟ್ ಹೊಡೀದೆ ಬಿಟ್ಟಿರ್ತಾನಾ?" ನಾನು ಕೆಮ್ಮಿ, ನನ್ನ ಹೆಂಡತಿಗೆ ಜೀಪಿನ ಬಣ್ಣ ಬಹಳ ಹಿಡಿಸಿತಂತೆ ಎಂದು ತಮಿಳಿನಲ್ಲಿ ಅನುವಾದಿಸಿದೆ.

ರಾಜು ಮೀಸೆಯ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಅವಳ ಕಡೆ ತಿರುಗಿ ಮೆಲ್ಲಗೆ ಅಂದರು: "ಮೀಸೆಗೆ ಹೊಡ್ದಿರೋದು ನಿಜ ತಂಗಚ್ಚಿ. ವಂಡಿಗೆ ಹೊಡ್ದಿಲ್ಲ."

ಪೊನ್ನುತ್ತಾಯಿ ನಾಲಿಗೆ ಕಚ್ಚಿಕೊಂಡಳು. ನಾನು ಜೀಪಿನ ಚಕ್ರಗಳನ್ನು ನೋಡತೊಡಗಿದೆ. ಬೀಗದ ವ್ಯಾಪಾರಿ ಬಾಯಿಗೂ ಬೀಗ ಹಾಕಿಕೊಂಡು ಕೂತಿದ್ದನಲ್ಲ ಎಂದು ಕನ್ನಡದಲ್ಲಿ ಗೊಣಗಲು ಹೋಗಿ, ಸದ್ಯ, ನುಂಗಿಕೊಂಡೆ.

"ಕೋಪ ಮಾಡ್ಕಬ್ಯಾಡಿ," ಅಂದರು ಅವರು. "ಅವ್ವ ಹೋದಮ್ಯಾಕೆ ಈ ಮನೇಲಿ ನಮ್ಮ ಮಾತಿಲ್ಲ. ಹೆಂಡ್ತಿ ಮಕ್ಕಳಿಗೆ ತಮಿಳು ಬಿಟ್ರೆ ಬ್ಯಾರೆ ತಿಳೀದು. ಬೈದ್ರೂ ಸರಿ, ಇನ್ನೊಂಚೂರು ಕೇಳಣ ಅಂತ ಕೂತಿದ್ದೆ." ನನಗೆ ಒಂದು ಥರಾ ಆಯಿತು. ಪೊನ್ನುತ್ತಾಯಿ ಮಾತ್ರ ಕೂಡಲೇ ಊರು ಯಾವುದು, ಕುಲ ಯಾವುದು ಎಂದು ಕೇಳಿದಳು. ಅಜ್ಜನ ಕಾಲಕ್ಕೇ ಮಾರ್ಕಯನ್‌ಕೋಟ್ಟೈ ಬಿಟ್ಟು ಬಂದವರಂತೆ. ಅದು ಅವಳ ತವರು. ಕುಲವೂ ಅವಳ ತವರಿನದೇ. ಒಂದೇ ಕುಲದವರೆಂದರೆ ನಮ್ಮಲ್ಲಿ ಅಣ್ಣತಂಗಿಯರು. ಕಾಫಿ ಬರುವಷ್ಟರಲ್ಲಿ ಅವರು ಅವಳಿಗೆ ಅಣ್ಣನಾಗಿದ್ದರು, ನಾನು ಅವರಿಗೆ ಮಾಪಿಳ್ಳೆ, ಅಂದರೆ ತಂಗಿಯ ಗಂಡ, ಆಗಿದ್ದೆ.

ನನಗೆ ಖುಷಿಯೇ ಆಯಿತು. ಬೆಲೆ ಇನ್ನು ತಾನಾಗಿ ಇಳಿಯುತ್ತದೆ ಎಂದುಕೊಂಡೆ. ಆದರೆ ರಾಜು ಲೋಟ ಕೆಳಗಿಟ್ಟು, "ಮಾಪಿಳ್ಳೆ, ಇದು ಬ್ಯಾಡ," ಎಂದುಬಿಟ್ಟರು. ಗೇರ್‌ಬಾಕ್ಸ್ ಒಮ್ಮೆ ಹೋಗಿದೆ, ಇನ್ನೊಮ್ಮೆ ಹೋಗುತ್ತದೆ. ಬಿಡಿ ಸಾಮಾನು ಹಡಗಿನಲ್ಲಿ ಕೊಚ್ಚಿಗೆ ಬರಬೇಕು. ಅದು ಬರುವವರೆಗೆ ಜೀಪಿನ ಮೇಲೆ ಮೆಣಸಿನಕಾಯಿ ಒಣಗಿಸಬಹುದು. "ಬ್ಯಾರೆ ಯಾರಾದ್ರೂ ಆಗಿದ್ರೆ ತಲೆಗೆ ಕಟ್ಬಿಡ್ತಿದ್ದೆ. ತಂಗಚ್ಚಿಗೆ ಹ್ಯಾಂಗ್ ಕಟ್ಲಿ?" ಆ ಮನುಷ್ಯ ಇನ್ನೊಂದು ಹತ್ತು ನಿಮಿಷ ತಮಿಳನಾಗಿಯೇ ಉಳಿದಿದ್ದರೆ ನಾನು ಮುಂಗಡ ಕೊಟ್ಟುಬಿಡುತ್ತಿದ್ದೆ. ಹೊರಡುವಾಗ ಪೊನ್ನುತ್ತಾಯಿ ಅಧಿಕಾರದ ದನಿಯಲ್ಲಿ, "ನಮಗೆ ಬ್ಯಾಡ ಅಂದಿದ್ದನ್ನ ಇನ್ನೊಬ್ರಿಗೂ ಮಾರಬ್ಯಾಡ ಅಣ್ಣಾ, ಪಾಪ ಸುತ್ಕತದೆ," ಎಂದಳು. ಅಣ್ಣ ಒಪ್ಪಿದರು. ತಂಗಿ ಸಿಕ್ಕ ಒಂದು ಗಂಟೆಯೊಳಗೆ ಅವರಿಗೂ ಹೆಂಗಸಿನ ಮಾತಿಗೆ ತಲೆಯಾಡಿಸುವುದು ಅಭ್ಯಾಸವಾಗಿತ್ತು.

ಮಗಳ ಕಿವಿ ಚುಚ್ಚಿಸಲು ದಿನ ಗೊತ್ತಾಯಿತು. ಸೋದರಮಾವ ತವರಿನ ಸೀರು, ಅಂದರೆ ಉಡುಗೊರೆಯ ತಟ್ಟೆಗಳನ್ನು, ಹೊತ್ತು ಬರುತ್ತಾನೆಂದು ಪೊನ್ನುತ್ತಾಯಿ ನಮ್ಮೂರು ಕಾಮಯಗೌಂಡನ್‌ಪಟ್ಟಿಯ ಮನೆಮನೆಗೂ ಹೇಳಿಬಂದಿದ್ದಳು. ಮುಹೂರ್ತ ಹತ್ತಿರವಾದರೂ ಮಾವನ ಸುಳಿವಿಲ್ಲ. ಬಾಗಿಲಿಗೂ ಒಳಕ್ಕೂ ಓಡಾಡುತ್ತಿದ್ದ ಅವಳ ಮುಖ ನೋಡಲಾಗದೆ ನಾನು ಟ್ರ್ಯಾಕ್ಟರ್ ಹತ್ತಿದೆ. ಊರ ಹೊರಗೆ ದ್ರಾಕ್ಷಿ ತೋಟದ ಬದಿಯಲ್ಲಿ ರಾಜು ಮಾರದೆ ಉಳಿಸಿಕೊಂಡಿದ್ದ ಅದೇ ಜೀಪು ನಿಂತಿತ್ತು. ಗೇರ್‌ಬಾಕ್ಸ್ ಕೈಕೊಟ್ಟಿತ್ತು, ಕಿಟಕಿಯ ಗಾಜುಗಳೂ ಮುಷ್ಕರ ಹೂಡಿ ಮೇಲೆಯೇ ನಿಂತಿದ್ದವು. ಹಗ್ಗ ಕಟ್ಟಿ ಎಳೆದೆ. ಮುಂದೆ ಸೀರನ್ನು ಎದುರುಗೊಳ್ಳಲು ಕರೆಸಿದ್ದ ವಾದ್ಯದವರು, ಹಿಂದೆ ನನ್ನ ಟ್ರ್ಯಾಕ್ಟರ್, ಅದರ ಹಿಂದೆ ಜೀಪು, ಗಾಜಿನೊಳಗೆ ಹಣ್ಣಿನ ತಟ್ಟೆಗಳ ನಡುವೆ ಕೈಮುಗಿದುಕೊಂಡು ರಾಜು. ಮನೆ ಮುಟ್ಟುವಷ್ಟರಲ್ಲಿ ಬೆವರಿಗೆ ಮೀಸೆಯ ಡೈ ಕರಗಿ ಗಲ್ಲದವರೆಗೆ ಇಳಿದಿತ್ತು. ಪೊನ್ನುತ್ತಾಯಿ ಅದನ್ನು ಸೆರಗಿನಿಂದ ಒರೆಸಿ, ಮಗಳನ್ನು ಅವರ ಮಡಿಲಲ್ಲಿ ಕೂರಿಸಿದಳು. ಸೂಜಿ ತಾಗಿದಾಗ ಮಗು ಅತ್ತಿತು, ಮಾವನೂ ಅತ್ತರು.

ಅವರು ಬಸ್ಸಿನಲ್ಲಿ ಹಿಂದಿರುಗಿದರು. ಜೀಪು ನಮ್ಮ ಅಂಗಳದಲ್ಲಿ ಉಳಿಯಿತು. ಸೀರು ತಂದ ಬಂಡಿ ಬಾಗಿಲಲ್ಲಿ ಕೆಟ್ಟರೆ ಮನೆಯವರೇ ಸರಿಮಾಡಿಸಿ ಕಳಿಸಬೇಕೆಂಬುದು ಹಿಂದಿನಿಂದ ಬಂದ ಪದ್ಧತಿ ಎಂದು ಪೊನ್ನುತ್ತಾಯಿ ಹೇಳಿದಳು. ಇಂಥ ಪದ್ಧತಿ ನಾನು ಕೇಳಿರಲಿಲ್ಲ. ಕೊಚ್ಚಿಗೆ ಹೇಳಿಕಳಿಸಿದ್ದಾಯಿತು, ಹೊಸ ಕಂಬ, ತಂತಿಗಳ ದುಡ್ಡಿನ ಬಹುಪಾಲು ಗೇರ್‌ಬಾಕ್ಸಿಗೆ ಹೋಯಿತು, ಸಾಮಾನು ಮಾತ್ರ ಇನ್ನೂ ಹಡಗು ಇಳಿದಿಲ್ಲ. ಮೊನ್ನೆ ತಡೆಯಲಾರದೆ, "ಪರದೇಶಿ ಜೀಪು ತಗಂಡ್ರೆ ಪರದೇಶಿ ಆಗ್ತೀವಿ ಅಂದಿದ್ದೆ. ತಗಳ್ದೇನೇ ಆದ್ವಲ್ಲ," ಅಂದೆ.

ಅವಳು ಮಗಳ ಕಿವಿಗೆ ಎಣ್ಣೆ ಹಚ್ಚುತ್ತಿದ್ದಳು. "ನಾನ್ಯಾಕೆ ಪರದೇಶಿ ಮಾಮಾ?" ಅಂದಳು. "ನಂಗೆ ಅಣ್ಣ ಅವ್ನೆ."

ನಾನು ಅಂಗಳಕ್ಕೆ ಹೋಗಿ, ಓಡದ ಜೀಪಿನೊಳಗೆ ಕೂತು ಬಾಗಿಲು ಎಳೆದುಕೊಂಡೆ. ಬೀದಿಯ ಸದ್ದು ಮೊದಲಿನಂತೆಯೇ ಹೊರಗೆ ಉಳಿಯಿತು. ಎದುರಿನ ಕನ್ನಡಿಯಲ್ಲಿ ನನ್ನ ಮೀಸೆ ಕಂಡಿತು. ಎಡಬದಿ ಸಾಕಷ್ಟು ನರೆತಿದೆ. ಮುಂದಿನ ಸಲ ರಾಜು ಬಂದಾಗ ಅವರು ಹಚ್ಚುವ ಡೈ ಯಾವುದೆಂದು ಕೇಳಬೇಕು. ಬೆವರಿಗೆ ಕರಗಿದರೂ ಚಿಂತೆಯಿಲ್ಲ, ಆ ಸಾಮಾನು ಕೊಚ್ಚಿಯಿಂದ ಬರಬೇಕಾಗಿಲ್ಲ.